ಪೈರು ಕಾಯುವ ಕೋವಿಯ ಗುರಿಮಣಿ: ಆಯ್ಕೆ, ಜೋಡಣೆ, ಪಾಲನೆ

ಕಾಡಿನ ಅಂಚಿನ ಗ್ರಾಮಗಳಲ್ಲಿ ಭತ್ತವು ಹಾಲುಗಟ್ಟುವ ಕಾಲಕ್ಕೆ ಹಂದಿಗಳ ಹಾವಳಿಯು ಮೊದಲಾಗುವುದೆಂಬುದು ಎಲ್ಲರೂ ಬಲ್ಲ ವಿಷಯ. ಹಿಂಡು ಒಂದೇ ರಾತ್ರಿಯಲ್ಲಿ ತಿನ್ನುವುದಕ್ಕಿಂತ ತುಳಿದು ಹಾಳುಮಾಡುವುದೇ ಹೆಚ್ಚು. ಇದರ ನಿವಾರಣೆಗಾಗಿ ಅನೇಕ ಹಿಡುವಳಿದಾರರು ಕೋವಿಯನ್ನು ಇಟ್ಟುಕೊಂಡಿರುವರು. ಆದರೆ ಮದ್ದು ತೋಟಾಗಳ ವಿಷಯದಲ್ಲಿ ಅವರಿಗಿರುವ ಆಸಕ್ತಿಯು ಗುರಿ ನೋಡುವ ಭಾಗದ ವಿಷಯದಲ್ಲಿ ಕಾಣಬರುವುದಿಲ್ಲ. ನಳಿಗೆಯ ತುದಿಯ ಮಣಿಯು ಬಿದ್ದುಹೋದ ಕೋವಿಯನ್ನೇ ವರ್ಷಗಟ್ಟಲೆ ಹಿಡಿಯುವವರುಂಟು. ಇದಕ್ಕೆ ವಿರುದ್ಧವಾಗಿ, ಸಾದಾ ಕೋವಿಗೆ ಬೆಲೆಬಾಳುವ ದುರ್ಬೀನನ್ನು ಕೂರಿಸಿ ದುಡ್ಡು ಕಳೆದುಕೊಳ್ಳುವವರೂ ಉಂಟು. ಎರಡರ ಫಲವೂ ಒಂದೇ: ಗುಂಡು ತಪ್ಪುವುದು, ಇಲ್ಲವೆ ಪ್ರಾಣಿಯು ಗಾಯಗೊಂಡು ಪೊದೆ ಸೇರುವುದು. ಅಂಥ ಹಂದಿಯು ಬೆಳಿಗ್ಗೆ ಸೊಪ್ಪಿಗೋ ಸೌದೆಗೋ ಹೋದವರ ಮೇಲೆ ಬಿದ್ದರೆ ಆ ಅಪಾಯಕ್ಕೆ ರಾತ್ರಿಯ ಕೆಟ್ಟ ಗುರಿಯೇ ಕಾರಣವೆನ್ನಬೇಕು.

ಮುಂದಿನ ವಿಷಯಕ್ಕೆ ಹೋಗುವ ಮುನ್ನ ಕಾನೂನಿನ ಮಾತು ಸ್ವಲ್ಪ. 1959ನೆಯ ಇಸವಿಯ ಆಯುಧಗಳ ಅಧಿನಿಯಮದಲ್ಲಿ, ನಿಜವಾಗಿ ಬೆಳೆ ಕಾಯುವುದಕ್ಕಾಗಿ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸು ಕೊಡಲು ಅವಕಾಶವಿದೆ. ಆದರೆ ಕೋವಿಗೆ ಲೈಸೆನ್ಸು ಇದ್ದ ಮಾತ್ರಕ್ಕೆ ಹಂದಿಯನ್ನು ಹೊಡೆಯಲು ಅಧಿಕಾರವು ದೊರೆಯಿತೆಂದು ತಿಳಿಯಕೂಡದು. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೇರೆಗೆ ಅದಕ್ಕೆ ಅಧಿಕಾರವುಳ್ಳ ಅರಣ್ಯಾಧಿಕಾರಿಗಳ ಲಿಖಿತ ಅಪ್ಪಣೆಯು ಬೇರೆಯಾಗಿಯೇ ಬೇಕು. ಗ್ರಾಮದ ಮುಖ್ಯಸ್ಥರು ಈ ವ್ಯತ್ಯಾಸವನ್ನು ರೈತರಿಗೆ ತಿಳಿಯಹೇಳುವುದು ಒಳ್ಳೆಯದು.

ಪೈರು ಕಾಯುವವರ ಕೈಯಲ್ಲಿರುವ ಕೋವಿಗಳು ಬಹುಮಟ್ಟಿಗೆ ಒಳಗೆ ನುಣುಪಾದ ನಳಿಗೆಯವು. ಕೇಪಿನ ಕೋವಿಯಾಗಲಿ, 12 ಬೋರಿನ ತೋಟಾ ಕೋವಿಯಾಗಲಿ ಈ ಜಾತಿಗೇ ಸೇರಿದವು. ಇವುಗಳಲ್ಲಿ ಸಾಮಾನ್ಯವಾಗಿ ನಳಿಗೆಯ ತುದಿಯಲ್ಲಿ ಒಂದು ಮಣಿ ಮಾತ್ರವಿರುವುದು. ಗುರಿ ಹಿಡಿಯುವುದಕ್ಕೆ ಎರಡು ಬಿಂದುಗಳು ಬೇಕಷ್ಟೆ. ಮುಂದಿನದು ಮಣಿಯಾದರೆ ಹಿಂದಿನ ಬಿಂದು ಯಾವುದು? ಹೊಡೆಯುವವನ ಕಣ್ಣೇ ಅದು. ಈ ಒಂದು ಮಾತು ಮನಸ್ಸಿಗೆ ಹತ್ತಿದರೆ ಉಳಿದುದೆಲ್ಲ ಸುಲಭ. ಕೆನ್ನೆಯು ಮರದ ಹಿಡಿಯ ಮೇಲೆ ಪ್ರತಿಸಲವೂ ಒಂದೇ ಜಾಗದಲ್ಲಿ ಕೂರದಿದ್ದರೆ ಕಣ್ಣು ಸ್ಥಳ ಬದಲಿಸುವುದು. ಕಣ್ಣು ಎಡಕ್ಕೆ ಸರಿದರೆ ಗುಂಡೂ ಎಡಕ್ಕೆ, ಮೇಲಕ್ಕೆ ಎದ್ದರೆ ಗುಂಡೂ ಮೇಲಕ್ಕೆ. ಎಷ್ಟು ಎಂಬುದಕ್ಕೆ ಸುಲಭವಾದ ಲೆಕ್ಕವುಂಟು. ಉದ್ದ ನಳಿಗೆಯ ಕೋವಿಯಲ್ಲಿ ಕಣ್ಣಿನಿಂದ ಮಣಿಗೆ ಹೆಚ್ಚು ಕಡಿಮೆ ಒಂದು ಗಜ. ಆದಕಾರಣ ಕಣ್ಣು ಸರಿದ ಅಳತೆಯನ್ನು ಗುರಿಗಿರುವ ಗಜಗಳಿಂದ ಗುಣಿಸಿದರೆ ತಪ್ಪಿನ ಅಳತೆಯು ಬರುವುದು. ಕಣ್ಣು 1/8 ಅಂಗುಲ ಸರಿದಿತೆನ್ನೋಣ. 40 ಗಜದಲ್ಲಿ ಗುಂಡು 5 ಅಂಗುಲ ಆಚೆಗೆ ಹೋಗುವುದು. ಹಿಡಿಯು ತನ್ನ ಮೈಗೆ ಒಗ್ಗದಿದ್ದಾಗ ಎಂಥ ಮಣಿಯನ್ನು ಕೂರಿಸಿದರೂ ಪ್ರಯೋಜನವಿಲ್ಲವೆಂಬುದು ಇದರಿಂದ ತಿಳಿಯುವುದು.

ಮಣಿಯ ಗಾತ್ರಕ್ಕೂ ಇದೇ ಲೆಕ್ಕ. 1/8 ಅಂಗುಲದ ಮಣಿಯು 40 ಗಜದಲ್ಲಿ 5 ಅಂಗುಲದಷ್ಟನ್ನು ಮರೆಮಾಡುವುದು. 1/5 ಅಂಗುಲದ್ದು 8 ಅಂಗುಲವನ್ನು ನುಂಗುವುದು. ದಪ್ಪ ಮಣಿಯು ಮಬ್ಬಿನಲ್ಲಿ ಬೇಗ ಕಾಣುವುದೇನೋ ನಿಜ. ಆದರೂ 1/8 ಅಂಗುಲಕ್ಕಿಂತ ಬಹಳ ದೊಡ್ಡದು ಬೇಡ. ಹಿತ್ತಾಳೆಯ ಮಣಿಯು ಬಾಳಿಕೆಯುಳ್ಳದ್ದು. ಅದರ ದೋಷವೇನೆಂದರೆ ಇಳಿಬಿಸಿಲಿನಲ್ಲಿ ಒಂದು ಪಕ್ಕವು ಮಾತ್ರ ಥಳಥಳಿಸುವುದು. ಹೊಡೆಯುವವನು ಹೊಳೆಯುವ ಪಕ್ಕವನ್ನೇ ಮಣಿಯೆಂದು ಭ್ರಮಿಸಿ ಗುರಿಯಿಡುವನು. ಗುಂಡು ಬೆಳಕಿಗೆ ವಿರುದ್ಧವಾದ ಕಡೆಗೆ ಸರಿಯುವುದು. ಹಗಲಿನಲ್ಲಿ ದೀಪದ ಕಪ್ಪನ್ನು ಸವರಿದರೆ ಈ ತೊಂದರೆಯು ತಪ್ಪುವುದು. ಸಂಜೆಗೆ ಚುಕ್ಕೆಯಷ್ಟು ಬಿಳಿಯ ಬಣ್ಣವನ್ನು ಹಚ್ಚುವುದು ಉತ್ತಮ. ಬೆಳಕನ್ನು ಹೀರಿ ತುದಿಯಲ್ಲಿ ಕೆಂಪಾಗಿಯೋ ಹಸುರಾಗಿಯೋ ಹೊಳೆಯುವ ಪ್ಲಾಸ್ಟಿಕ್ ಕಡ್ಡಿಯ ಮಣಿಗಳು ಈಗ ಮಾರಾಟಕ್ಕೆ ಬಂದಿವೆ. ಮುಂಜಾವಿನಲ್ಲಿಯೂ ಮುಸ್ಸಂಜೆಯಲ್ಲಿಯೂ ಇವು ಉಪಯುಕ್ತ. ಕತ್ತಲೆಯಲ್ಲಿ ತಾವಾಗಿ ಬೆಳಗುವುವೆಂದು ಯಾರೂ ನಂಬಬಾರದು.

ದುರ್ಬೀನಿನ ವಿಷಯ. ಅದು ಒಳಗೆ ತಿರುಚುಗೆರೆಗಳುಳ್ಳ ರೈಫಲಿಗೆ, ದೂರಕ್ಕೆ ಒಂಟಿ ಗುಂಡನ್ನು ಹೊಡೆಯುವುದಕ್ಕೆ, ಏರ್ಪಟ್ಟದ್ದು. ಚರೆ ಹಾರಿಸುವ ಕೋವಿಯ ಕೆಲಸವೆಲ್ಲ 40 ಗಜದೊಳಗೆ ಮುಗಿಯುವುದು. ದುರ್ಬೀನು ಪ್ರಾಣಿಯನ್ನು ದೊಡ್ಡದಾಗಿ ತೋರಿಸಿದಷ್ಟೂ ಅದರ ಅಕ್ಕಪಕ್ಕವನ್ನು ಮರೆಮಾಡುವುದು. ಇದಲ್ಲದೆ ಅದು ನಳಿಗೆಯಿಂದ ಎತ್ತರದಲ್ಲಿ ಕೂರುವ ಕಾರಣ ಕೆನ್ನೆಯು ಮರವನ್ನು ಬಿಟ್ಟು ಮೇಲೇಳಬೇಕಾಗುವುದು. ಕಣ್ಣಿಗೂ ಗಾಜಿಗೂ 3ರಿಂದ 4 ಅಂಗುಲದ ಅಂತರವಿಲ್ಲದಿದ್ದರೆ ಕೋವಿಯು ಹಿಂದಕ್ಕೆ ಒದೆದಾಗ ಅದರ ಅಂಚು ಹುಬ್ಬನ್ನು ಸೀಳುವುದು. ಕೆಂಪು ಚುಕ್ಕೆಯು ಕಾಣುವ ಗಾಜಿನ ಗುರಿಯಲ್ಲಿ ಈ ದೋಷಗಳು ಕಡಿಮೆ. ಆದರೆ ಚುಕ್ಕೆಯು ಎಷ್ಟೇ ಬೆಳಗಿದರೂ ಅದರ ಹಿಂದೆ ಇರುವುದು ಹಂದಿಯೋ, ಹಸುವೋ, ಮನುಷ್ಯನೋ ಎಂಬುದನ್ನು ಅದು ತಿಳಿಸಲಾರದು. ಹಂದಿಯೆಂದು ಬಗೆದು ಹಾರಿಸಿದ ಗುಂಡಿಗೆ ಜೊತೆಯವನೇ ಬಲಿಯಾದ ಸುದ್ದಿಯು ಮಲೆನಾಡಿನ ಕಡೆಯಿಂದ ಇಂದಿಗೂ ಬರುತ್ತಿರುವುದು. ಪೈರು ಅಲುಗಿತೆಂದೋ ಸದ್ದು ಕೇಳಿತೆಂದೋ ಹೊಡೆಯತಕ್ಕದ್ದಲ್ಲ. ಪ್ರಾಣಿಯ ಪೂರ್ಣ ಆಕಾರವು ಕಂಡು, ಅದರ ಹಿಂದೆ ನೆಲವೋ ಬದುವೋ ಇರುವುದು ಖಚಿತವಾದ ಮೇಲೆಯೇ ಬೆರಳು ಕುದುರೆಯ ಮೇಲೆ ಹೋಗಬೇಕು. ದಪ್ಪ ಚರೆಯು 500 ಗಜವನ್ನೂ ಮೀರಿ ಹೋಗಬಲ್ಲದು. ಮಾಳದ ಮೇಲಿಂದ ಕೆಳಮುಖವಾಗಿ ಹೊಡೆಯುವುದರಲ್ಲಿರುವ ಅನುಕೂಲವೇ ಗುಂಡು ನೆಲಕ್ಕಿಳಿಯುವುದು.

ಮಣಿಯ ಜೋಡಣೆಯನ್ನು ಊರ ಕುಲುಮೆಯಲ್ಲಿ ಮಾಡಿಸುವ ರೂಢಿಯು ಬಿಡಬೇಕಾದದ್ದು. ಕೋವಿಯ ರಿಪೇರಿಗೆ ಪ್ರತ್ಯೇಕ ಲೈಸೆನ್ಸು ಬೇಕೆಂಬುದು ಒಂದು ಕಾರಣ. ಇನ್ನೊಂದು ಇದಕ್ಕಿಂತ ಮುಖ್ಯವಾದದ್ದು: ಅನೇಕ ಜೋಡುನಳಿಗೆಯ ಕೋವಿಗಳಲ್ಲಿ ನಳಿಗೆಗಳ ನಡುವಣ ಪಟ್ಟಿಯು ಮೆತು ಬೆಸುಗೆಯಿಂದ ಹಿಡಿದಿರುವುದು, ಮಣಿಯನ್ನು ಬೆಸೆಯಲು ಬೆಂಕಿ ತಾಗಿಸಿದರೆ ಆ ಬೆಸುಗೆಯೇ ಕರಗಿ ಪಟ್ಟಿಯು ಸಡಿಲವಾಗುವುದು. ತಿರುಪಿನ ಮಣಿಯನ್ನೇ ಹಾಕಿಸಬೇಕು. ಹಳೆಯ ತಿರುಪಿನ ಅಳತೆಗೆ ಹೊಸದು ಹೊಂದಬೇಕು. ತಿರುಪಿನ ಕಾಲು ಉದ್ದವಾಗಿ ನಳಿಗೆಯ ಒಳಮೈಗೆ ಸ್ವಲ್ಪವೂ ಚಾಚಿಕೊಳ್ಳಬಾರದು. ಕೋವಿ ಖಾಲಿಯಿದೆಯೆಂದು ಎರಡು ಸಲ ನೋಡಿ, ತೋಟಾ ಕೋವಿಯಾದರೆ ನಳಿಗೆಯನ್ನು ಬಿಚ್ಚಿ ಬೇರೆ ಮಾಡಿ, ಬೆಳಕಿಗೆ ಹಿಡಿದು ಇದನ್ನು ಪರೀಕ್ಷಿಸಬೇಕು.

ಜೋಡಿಸಿದ ಮಣಿಯು ಸತ್ಯವಾದದ್ದೇ ಎಂಬುದನ್ನು ಕಾಗದವೇ ಹೇಳಬೇಕು. ನಾಲ್ಕು ಅಡಿ ಚೌಕದ ಕಾಗದಕ್ಕೆ ನಡುವೆ ಕಪ್ಪು ಗುರುತನ್ನು ಮಾಡಿ, ಹಿಂದೆ ಎತ್ತರವಾದ ಮಣ್ಣಿನ ದಿಣ್ಣೆಯಿರುವ ಕಡೆ ನಿಲ್ಲಿಸಿ, 30 ಗಜದಿಂದ ಮರಳಿನ ಚೀಲದ ಮೇಲೆ ಕೋವಿಯನ್ನಿಟ್ಟು ಹೊಡೆಯಬೇಕು. ಎಲ್ಲಿ ಹೊಡೆಯಬಹುದೆಂಬುದನ್ನು ಲೈಸೆನ್ಸು ಕೊಟ್ಟ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಒಳ್ಳೆಯದು. ಹತ್ತಿರದಲ್ಲಿ ರೈಫಲ್ ಕ್ಲಬ್ಬು ಇದ್ದರೆ ಅದೇ ಲೇಸು. ಒಂದು ಹೊಡೆತದಿಂದ ತೀರ್ಮಾನಕ್ಕೆ ಬರಬಾರದು. ಮೂರು ಕಾಗದಗಳನ್ನು ಹೊಡೆದು ಚರೆಗಳ ಗುಂಪಿನ ನಡುವು ಎಲ್ಲಿದೆ ಎಂದು ನೋಡಬೇಕು. ಪೈರು ಕಾಯಲು ಯಾವ ತೋಟಾವನ್ನು ಉಪಯೋಗಿಸುವುದೋ ಅದರಿಂದಲೇ ಪರೀಕ್ಷೆ ನಡೆಯಬೇಕು. ಒಂಟಿ ಗುಂಡು ಹಾಕುವ ಕೋವಿಗೆ ಹಿಂದೆ ಸೀಳುಳ್ಳ ತಗಡಿನ ಗುರಿಯೊಂದಿದ್ದರೆ ಅನುಕೂಲ; ಗುಂಡು ಯಾವ ಕಡೆಗೆ ಹೋಗಬೇಕೋ ಹಿಂದಿನ ತಗಡನ್ನು ಆ ಕಡೆಗೂ, ಮುಂದಿನ ಮಣಿಯನ್ನಾದರೆ ಅದಕ್ಕೆ ಎದುರು ಕಡೆಗೂ ಸರಿಸಬೇಕು. ಎರಡು ಗುರಿಗಳ ನಡುವೆ 20 ಅಂಗುಲವಿದ್ದು, 50 ಗಜದಲ್ಲಿ ಗುಂಡು 4½ ಅಂಗುಲ ತಪ್ಪಿದರೆ, ಸರಿಸಬೇಕಾದದ್ದು ಅಂಗುಲದ 20ನೆಯ ಒಂದು ಪಾಲು ಮಾತ್ರ. ಸುತ್ತಿಗೆಯ ಒಂದು ಪೆಟ್ಟಿಗೆ ಇದರ ನಾಲ್ಕರಷ್ಟು ಸರಿಸಿಬಿಡುವುದು ನಮ್ಮ ಜನರ ಉತ್ಸಾಹ. ಹಿತ್ತಾಳೆಯ ಸರಳನ್ನು ನಡುವೆ ಇಟ್ಟು ಮೆಲ್ಲಗೆ ತಟ್ಟಬೇಕು.

ಇನ್ನು ಪಾಲನೆ. ಮಲೆನಾಡಿನ ಮಳೆಗಾಲದಲ್ಲಿ ತುಕ್ಕು ಮೊದಲು ಹಿಡಿಯುವುದು ಮಣಿಯ ಬುಡದಲ್ಲಿ ಮತ್ತು ತಗಡಿನ ಸಂದಿಯಲ್ಲಿ. ಕರಿಮದ್ದಿನ ಮಸಿಯು ಗಾಳಿಯ ತೇವವನ್ನು ಹೀರುವ ಗುಣವುಳ್ಳದ್ದಾದ್ದರಿಂದ, ಕೇಪಿನ ಕೋವಿಯನ್ನು ಹೊಡೆದ ದಿನವೇ ಬಿಸಿನೀರಿನಿಂದ ತೊಳೆದು, ಚೆನ್ನಾಗಿ ಒಣಗಿಸಿ, ತೆಳುವಾದ ಕೋವಿ ಎಣ್ಣೆಯನ್ನು ಸವರಬೇಕು. ತೆಂಗಿನೆಣ್ಣೆಯು ಇದಕ್ಕೆ ತಕ್ಕದ್ದಲ್ಲ. ಚಳಿಯಲ್ಲಿ ಹೆಪ್ಪುಗಟ್ಟಿ ಸಂದಿಯಲ್ಲಿ ಧೂಳನ್ನು ಹಿಡಿಯುವುದು. ಆಯುಧಪೂಜೆಯಲ್ಲಿ, ಕೊಡಗಿನ ಕೈಲ್‌ಪೊಳ್ದಿನಲ್ಲಿ ಕೋವಿಗೆ ಗಂಧ ಹಚ್ಚಿ ಹೂವೇರಿಸುವುದು ಸಂಪ್ರದಾಯ. ಪೂಜೆ ಮುಗಿದ ಮೇಲೆ ಮಣಿಯ ಬುಡದ ಗಂಧವನ್ನು ಒರೆಸಿ ಎಣ್ಣೆ ತಾಕಿಸುವುದನ್ನು ಮರೆಯಬಾರದು, ಏಕೆಂದರೆ ಒಣಗಿದ ಗಂಧದಡಿಯಲ್ಲಿ ತೇವವು ಅಡಗಿರುವುದು. ಕೋವಿಯನ್ನು ಚರ್ಮದ ಅಥವಾ ಬಟ್ಟೆಯ ಚೀಲದೊಳಗೇ ತಿಂಗಳುಗಟ್ಟಲೆ ಇಡುವುದೂ ತುಕ್ಕಿಗೆ ದಾರಿ. ಗಾಜಿನ ಗುರಿಯುಳ್ಳವರು ಅದನ್ನು ಪಂಚೆಯ ತುದಿಯಿಂದ ಒರೆಸದೆ ಮೊದಲು ಮೃದುವಾದ ಕುಂಚದಿಂದ ಧೂಳನ್ನು ತೆಗೆಯಲಿ. ತೇವದಲ್ಲಿಟ್ಟ ಗಾಜಿಗೆ ಬೂಷ್ಟು ಹಿಡಿದು ಅದರ ಲೇಪವನ್ನೇ ತಿನ್ನುವುದು. ಮಳೆಗಾಲ ಮುಗಿಯುವವರೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಡನೆ ಬಿಗಿಯಾದ ಡಬ್ಬಿಯಲ್ಲಿಟ್ಟು, ಕೋವಿಗೆ ಮರಳಿ ಜೋಡಿಸಿದಾಗ ಕಾಗದದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡತಕ್ಕದ್ದು.