ಸುತ್ತಿಗೆ ಇಲ್ಲದ ರಿಫ್ಲೆಕ್ಸ್

ಡಾಕ್ಟರು ರಬ್ಬರ್ ಸುತ್ತಿಗೆಯಿಂದ ಮಂಡಿ ಕೆಳಗೆ ತಟ್ಟಿದ್ರೆ ಕಾಲು ತಾನಾಗೇ ಒದೆಯುತ್ತೆ. ಸ್ನಾಯು ಎಳೆದ ಸುದ್ದಿ ಬೆನ್ನುಹುರಿಗೆ ಹೋಗಿ, ಅಲ್ಲಿಂದಲೇ ಆರ್ಡರ್ ವಾಪಸ್ ಬರುತ್ತೆ. ಮೆದುಳಿನ ಪರ್ಮಿಷನ್‌ಗೆ ಕಾಯೋದಿಲ್ಲ. ಸುತ್ತಿಗೆ ಬಿಟ್ಟು ನೇರವಾಗಿ ನರಕ್ಕೇ ಕರೆಂಟ್ ಕೊಟ್ಟರೆ ಏನಾಗುತ್ತೆ? ಜರ್ಮನಿಯ ಪೌಲ್ ಹಾಫ್‌ಮನ್ 1910ರಲ್ಲಿ ಇದನ್ನು ವಿವರಿಸಿದರು. ಅವರ ಹೆಸರಿನಿಂದಲೇ ಇದು ಎಚ್-ರಿಫ್ಲೆಕ್ಸ್.

ಮಾಡೋದು ಹೇಗೆ?

ಮಂಡಿಯ ಹಿಂದಿನ ಗುಳಿಯಲ್ಲಿ ಟಿಬಿಯಲ್ ನರ ಹಾದುಹೋಗುತ್ತೆ. ಅಲ್ಲಿ ಚರ್ಮದ ಮೇಲೆ ಎಲೆಕ್ಟ್ರೋಡ್ ಇಟ್ಟು ಸುಮಾರು 1 ಮಿಲಿಸೆಕೆಂಡಿನ ಪಲ್ಸ್ ಕೊಡ್ತಾರೆ. ಮೀನಖಂಡದ ಸೋಲಿಯಸ್ ಸ್ನಾಯುವಿನ ಮೇಲೆ ಇನ್ನೊಂದು ಜೋಡಿ ಎಲೆಕ್ಟ್ರೋಡ್ ಸಿಗ್ನಲ್ ಹಿಡಿಯುತ್ತೆ. ಕರೆಂಟ್ ಕಡಿಮೆ ಇದ್ದಾಗ ಮೊದಲು ಕೆರಳೋದು ದಪ್ಪನೆಯ ಸಂವೇದನಾ ತಂತುಗಳು. ಸಿಗ್ನಲ್ ಬೆನ್ನುಹುರಿ ಮುಟ್ಟಿ ವಾಪಸ್ ಬಂದಾಗ ಸ್ನಾಯು ಅದುರುತ್ತೆ. ಸ್ಕ್ರೀನಿನಲ್ಲಿ ಕಾಣೋ ಆ ಅಲೆಯೇ ಎಚ್.

ಒಂದು ಸಣ್ಣ ಲೆಕ್ಕ ಹಾಕೋಣ. ಹೋಗಿಬರೋ ದಾರಿ 1.5 ಮೀಟರ್, ವೇಗ ಸೆಕೆಂಡಿಗೆ 55 ಮೀಟರ್ ಅಂತ ಇಟ್ಟುಕೊಂಡರೆ ಸುಮಾರು 27 ಮಿಲಿಸೆಕೆಂಡ್. ಬೆನ್ನುಹುರಿಯ ಸಿನಾಪ್ಸ್‌ನಲ್ಲಿ, ನರ ಸ್ನಾಯುವನ್ನು ಸೇರುವಲ್ಲಿ ಇನ್ನಷ್ಟು ವಿಳಂಬ. ನಿಜವಾಗಿ ಅಳೆದಾಗಲೂ 30ರ ಆಸುಪಾಸೇ ಬರುತ್ತೆ!

ಕರೆಂಟ್ ಹೆಚ್ಚಿಸಿದರೆ?

ಎಚ್ ಅಲೆ ದೊಡ್ಡದಾಗುತ್ತಾ ಹೋಗಬೇಕು ಅಲ್ವಾ? ಇಲ್ಲ. ಮೊದಲು ಬೆಳೆದು, ಆಮೇಲೆ ಕುಗ್ಗಿ ಮಾಯವಾಗುತ್ತೆ. ಯಾಕಂದ್ರೆ ಜಾಸ್ತಿ ಕರೆಂಟ್ ಚಾಲಕ ತಂತುಗಳನ್ನೂ ಕೆರಳಿಸುತ್ತೆ. ಅದರ ಒಂದು ಸಿಗ್ನಲ್ ನೇರ ಸ್ನಾಯುವಿಗೆ ಇಳಿದು, ಕೆಲವೇ ಮಿಲಿಸೆಕೆಂಡಿನಲ್ಲಿ ಎಂ ಅಲೆ ಕೊಡುತ್ತೆ. ಇನ್ನೊಂದು ಉಲ್ಟಾ ಬೆನ್ನುಹುರಿ ಕಡೆಗೆ ಓಡುತ್ತೆ. ಅದೇ ತಂತುವಿನಲ್ಲಿ ರಿಫ್ಲೆಕ್ಸ್ ಸಿಗ್ನಲ್ ಇಳಿದು ಬರುತ್ತಿರುತ್ತೆ. ಸಿಂಗಲ್ ಟ್ರ್ಯಾಕ್‌ನಲ್ಲಿ ಎದುರುಬದುರು ಬಂದ ಎರಡು ರೈಲುಗಳ ಹಾಗೆ, ಎರಡೂ ಅಲ್ಲೇ ಮುಗಿಯುತ್ತವೆ. ತಂತಿಯಲ್ಲಿ ಎರಡು ಅಲೆ ಎದುರಾದರೆ ಒಂದನ್ನೊಂದು ದಾಟಿ ಹೋಗುತ್ತವೆ, ನರದಲ್ಲಿ ಹಾಗಾಗಲ್ಲ. ಸಿಗ್ನಲ್ ಹಾದುಹೋದ ಜಾಗ ತಕ್ಷಣ ಮತ್ತೆ ಕೆರಳಲಾರದು.

ಇದರಿಂದ ಏನು ಉಪಯೋಗ?

ಮಾಮೂಲಿ ನರ ಪರೀಕ್ಷೆ ಹೆಚ್ಚಾಗಿ ಕೈಕಾಲಿನ ಉದ್ದಕ್ಕೆ ನೋಡುತ್ತೆ. ಎಚ್-ರಿಫ್ಲೆಕ್ಸ್ ಬೆನ್ನುಹುರಿಯ ಹತ್ತಿರದ ನರದ ಬೇರಿನವರೆಗೂ ಹೋಗಿಬರುತ್ತೆ. ಡಿಸ್ಕ್ ಜಾರಿ ಎಸ್1 ಬೇರನ್ನು ಒತ್ತಿದ್ದರೆ, ಆ ಕಾಲಿನ ಅಲೆ ತಡವಾಗಬಹುದು ಅಥವಾ ಕಾಣದೇ ಹೋಗಬಹುದು. ಗಿಯಾನ್-ಬಾರೆ ಕಾಯಿಲೆಯಲ್ಲಿ ಕಾಲಿನ ಬಲ ಕೆಲವೇ ದಿನಗಳಲ್ಲಿ ಕುಸಿಯುತ್ತೆ, ಉಸಿರಾಟಕ್ಕೂ ತೊಂದರೆಯಾಗಬಹುದು. ಬೇರೆ ಪರೀಕ್ಷೆಗಳು ಇನ್ನೂ ನಾರ್ಮಲ್ ತೋರಿಸುತ್ತಿರುವಾಗಲೇ ಎಚ್ ಅಲೆ ಮಾಯವಾಗಿ ಸುಳಿವು ಕೊಡಬಹುದು. ಅಲ್ಲಿ ಒಂದೊಂದು ದಿನವೂ ಮುಖ್ಯ.

ಕೊನೆಗೊಂದು ಮಾತು: ಲ್ಯಾಬಿನ ಪವರ್ ಸಪ್ಲೈ ಹಿಡಿದು ನಮ್ಮ ಕಾಲಿನ ಮೇಲೆ ಪ್ರಯೋಗ ಮಾಡೋದು ಬೇಡ. ಇದಕ್ಕೆ ಬಳಸೋದು ಐಸೊಲೇಟೆಡ್ ಸ್ಟಿಮ್ಯುಲೇಟರ್. ಆ ಸರ್ಕ್ಯೂಟ್ ಹೇಗಿರುತ್ತೆ ಅಂತ ಓದೋದಕ್ಕೆ ಮಾತ್ರ ಯಾವ ಅಡ್ಡಿಯೂ ಇಲ್ಲ.