ಹಳದಿ ಹೂವಿನ ಕಳೆ: ಹೆಸರು ತಿಳಿದು ಕತ್ತಿ ಹಾಕಿ



ಮಳೆ ಹಿಡಿದು ಒಂದೆರಡು ತಿಂಗಳಾಯಿತೆಂದರೆ ಕಾಫಿ ಗಿಡಗಳ ನಡುವೆ, ಅಡಿಕೆ ಬರಣೆಯ ಅಂಚಿನಲ್ಲಿ, ಬಸಿಗಾಲುವೆಯ ಬದಿಯಲ್ಲಿ, ಕಾಲುದಾರಿಯ ಪಕ್ಕದಲ್ಲಿ ಎಲ್ಲೆಲ್ಲೂ ಸಣ್ಣ ಹಳದಿ ಹೂವಿನ ಗಿಡಗಳು ಕಾಣಿಸಿಕೊಳ್ಳುತ್ತವೆ. “ಈ ಹಳದಿ ಹೂವಿನ ಕಳೆಗೆ ಯಾವ ಔಷಧಿ ಹೊಡೆಯಬೇಕು?” ಎಂದು ಸಂಘದ ಕಚೇರಿಯಲ್ಲಿ ಕೇಳುವವರು ಅನೇಕರು. “ಯಾವ ಹಳದಿ ಹೂ?” ಎಂದು ತಿರುಗಿ ಕೇಳದೆ ಇದಕ್ಕೆ ಉತ್ತರ ಕೊಡುವಂತಿಲ್ಲ. ಏಕೆಂದರೆ ನಮ್ಮ ತೋಟಗಳಲ್ಲಿ ನೋಡಲು ಒಂದೇ ತೆರನಾಗಿರುವ ಹಳದಿ ಹೂವಿನ ಕಳೆಗಳು ಐದಾರು ಇವೆ. ಒಂದನ್ನು ಸಕಾಲದಲ್ಲಿ ಸವರಿದರೆ ಅದರ ಕಥೆ ಮುಗಿಯಿತು. ಇನ್ನೊಂದನ್ನು ಸವರಿದರೆ ನಾವೇ ಅದನ್ನು ನಾಟಿ ಮಾಡಿದಂತಾಗುತ್ತದೆ. ಆಳಿನ ಸಂಬಳ ಎರಡಕ್ಕೂ ಅಷ್ಟೇ.

ಇವುಗಳ ಪೈಕಿ ನೆರಳಿನ ತೋಟಗಳಲ್ಲಿ ಸಾಮಾನ್ಯವಾಗಿರುವ ಸಿನೆಡ್ರೆಲ್ಲಾ ಎಂಬ ಏಕವಾರ್ಷಿಕ ಗಿಡವನ್ನು ಗುರುತಿಸುವ ಕ್ರಮವನ್ನು ಈ ಪಾಠದಲ್ಲಿ ವಿವರಿಸಲಾಗಿದೆ. ನಮ್ಮ ಕಡೆ ಇದಕ್ಕೆ ಎಲ್ಲರೂ ಒಪ್ಪಿದ ಹೆಸರಿಲ್ಲ. ಆದ್ದರಿಂದ ಶಾಸ್ತ್ರದ ಹೆಸರನ್ನೇ ಬಳಸಬೇಕಾಗಿದೆ.

ಸೇವಂತಿಗೆಯ ಕುಟುಂಬ

ಸಿನೆಡ್ರೆಲ್ಲಾ ಸೇವಂತಿಗೆ, ಸೂರ್ಯಕಾಂತಿ, ಹುಚ್ಚೆಳ್ಳುಗಳ ಕುಟುಂಬಕ್ಕೆ ಸೇರಿದ್ದು. ಈ ಕುಟುಂಬದಲ್ಲಿ ನಾವು ಒಂದು ಹೂ ಎಂದು ಕರೆಯುವುದು ನಿಜವಾಗಿ ಒಂದು ಹೂವಲ್ಲ, ಅನೇಕ ಕಿರುಹೂಗಳ ಗುಂಪು. ಸೂರ್ಯಕಾಂತಿಯನ್ನು ನೆನಪು ಮಾಡಿಕೊಳ್ಳಿ. ಸುತ್ತಲಿನ ಒಂದೊಂದು ಹಳದಿ ಎಸಳೂ ಒಂದು ಕಿರುಹೂ; ನಡುವಿನ ತಟ್ಟೆಯಲ್ಲಿ ಒತ್ತಾಗಿರುವ ಒಂದೊಂದು ಕೊಳವೆಯೂ ಒಂದು ಕಿರುಹೂ. ಈ ಗುಂಪನ್ನು ಇಲ್ಲಿ ‘ಹೂತಲೆ’ ಎಂದು ಕರೆಯೋಣ. ಕಿರುಹೂವೊಂದಕ್ಕೆ ಒಂದರಂತೆ ಕಾಳು ಕಟ್ಟುವುದರಿಂದ, ಒಂದು ಹೂತಲೆಯೆಂದರೆ ಒಂದು ಬೀಜವಲ್ಲ, ಹಲವು ಬೀಜ.

ಈ ಗಿಡ ನಮ್ಮ ನಾಡಿನದಲ್ಲ. ಅಮೆರಿಕ ಖಂಡದ ಉಷ್ಣ ಪ್ರದೇಶದಿಂದ ಹೊರಟು ಇಂದು ಏಷ್ಯ, ಆಫ್ರಿಕಗಳ ತೋಟಗಳಲ್ಲೆಲ್ಲ ಹರಡಿದೆ. ಇದರ ಪೂರ್ಣ ಹೆಸರು ಸಿನೆಡ್ರೆಲ್ಲಾ ನೋಡಿಫ್ಲೋರಾ. ಜರ್ಮನಿಯ ಸಸ್ಯಶಾಸ್ತ್ರಜ್ಞ ಗೇರ್ಟ್ನರ್ 1791ರಲ್ಲಿ ಈ ಹೆಸರು ಕೊಟ್ಟರು. ಮೊದಲ ಪದಕ್ಕೆ ‘ಒಟ್ಟಿಗೆ ಕುಳಿತದ್ದು’ ಎಂಬ ಭಾವ, ಎರಡನೆಯದಕ್ಕೆ ‘ಗೆಣ್ಣಿನಲ್ಲಿ ಹೂ ಬಿಡುವುದು’ ಎಂದರ್ಥ. ಗುರುತು ಹಿಡಿಯುವ ಕೀಲಿ ಹೆಸರಿನಲ್ಲೇ ಇದೆ.

ನಾಲ್ಕು ಗುರುತುಗಳು

1. ಎಲೆಗಳು ಜೋಡಿ ಜೋಡಿಯಾಗಿ, ಒಂದಕ್ಕೊಂದು ಎದುರಾಗಿ ಹುಟ್ಟುತ್ತವೆ. ಎಲೆ ಮೊಟ್ಟೆಯಾಕಾರ, ತುದಿ ಚೂಪು, ಅಂಚಿನಲ್ಲಿ ಸಣ್ಣ ಹಲ್ಲುಗಳು. ಬುಡದಿಂದಲೇ ಮೂರು ನರಗಳು ಎದ್ದು ಕಾಣುತ್ತವೆ. ಸವರಿ ನೋಡಿದರೆ ಕೈಗೆ ಒರಟು.

2. ಗಿಡ ನೆಟ್ಟಗೆ ಬೆಳೆದು ಕವಲೊಡೆಯುತ್ತದೆ. ಎತ್ತರ ಸಾಮಾನ್ಯವಾಗಿ ಒಂದರಿಂದ ಮೂರು ಅಡಿ. ನೆಲದ ಮೇಲೆ ಚಾಪೆಯಂತೆ ಹರಡುವುದಿಲ್ಲ.

3. ಹೂತಲೆಗೆ ತೊಟ್ಟೇ ಇಲ್ಲವೆನ್ನಬಹುದು. ಎಲೆಯ ಕಂಕುಳಲ್ಲಿ, ಗೆಣ್ಣಿಗೆ ಅಂಟಿಕೊಂಡಂತೆ ಕೆಲವು ಒಟ್ಟಿಗೆ ಕುಳಿತಿರುತ್ತವೆ. ಒಂದೊಂದೂ ಅರ್ಧ ಇಂಚಿಗಿಂತ ಚಿಕ್ಕದು, ಎಸಳು ಮೋಟು. ಎಲೆ ಸರಿಸಿ ನೋಡದಿದ್ದರೆ ಹೂ ಬಿಟ್ಟದ್ದೇ ತಿಳಿಯುವುದಿಲ್ಲ.

4. ಒಂದೇ ಹೂತಲೆಯಲ್ಲಿ ಎರಡು ಬಗೆಯ ಕಾಳು. ಬಲಿತು ಒಣಗಿದ ಹೂತಲೆಯನ್ನು ಅಂಗೈ ಮೇಲೆ ಉಜ್ಜಿ ಭೂತಕನ್ನಡಿಯಲ್ಲಿ ನೋಡಿ. ಅಂಚಿನ ಕಾಳು ಚಪ್ಪಟೆ, ಸುತ್ತ ಗರಗಸದಂತೆ ಹರಿದ ರೆಕ್ಕೆ. ನಡುವಿನ ಕಾಳು ಸಪೂರ, ತಲೆಯ ಮೇಲೆ ಎರಡು ಗಡಸು ಮುಳ್ಳು.

ನಾಲ್ಕನೆಯ ಗುರುತು ಸಿಕ್ಕಿತೆಂದರೆ ಸಂಶಯವೇ ಉಳಿಯದು. ಆದರೆ ಅದು ಸಿಗುವ ಹೊತ್ತಿಗೆ ಕೆಲಸದ ಕಾಲ ಮೀರಿರುತ್ತದೆ. ಆದ್ದರಿಂದ ಮೊದಲ ಮೂರನ್ನು ಚೆನ್ನಾಗಿ ಮನನ ಮಾಡಿಕೊಳ್ಳತಕ್ಕದ್ದು.

ಮೋಸಗೊಳಿಸುವ ಗಿಡಗಳು

*ಹಲ್ಲುನೋವಿನ ಗಿಡ (ಅಕ್ಮೆಲ್ಲಾ):* ಎಲೆಗಳು ಎದುರು ಬದುರು, ಹೂ ಹಳದಿ. ಆದರೆ ಹೂತಲೆ ಉದ್ದ ತೊಟ್ಟಿನ ಮೇಲೆ ಶಂಕುವಿನಂತೆ ನಿಂತಿರುತ್ತದೆ. ಇದನ್ನು ಜಗಿದರೆ ನಾಲಿಗೆ ಜುಮ್ಮೆನ್ನುವುದು ನಮ್ಮ ಹಿರಿಯರಿಗೆ ಗೊತ್ತಿದ್ದ ವಿಷಯವೇ. ಹಾಗೆಂದು ಗುರುತಿಲ್ಲದ ಗಿಡವನ್ನೆಲ್ಲ ಬಾಯಿಗೆ ಹಾಕಿ ಪರೀಕ್ಷಿಸುವುದು ಬೇಡ. ಔಷಧಿ ಹೊಡೆದ ತೋಟದಲ್ಲಂತೂ ಸರ್ವಥಾ ಕೂಡದು.

*ಟ್ರೈಡಾಕ್ಸ್:* ಬಿಸಿಲು ಬೀಳುವ ಅಂಗಳ, ಕಣ, ರಸ್ತೆ ಬದಿಯಲ್ಲಿ ಹೆಚ್ಚು. ಗೇಣುದ್ದದ ತೊಟ್ಟಿನ ತುದಿಯಲ್ಲಿ ಒಂದೇ ಹೂತಲೆ. ನಡು ಹಳದಿ, ಸುತ್ತಲಿನ ಎಸಳು ಕೆನೆಬಣ್ಣ. ಕಾಳಿಗೆ ಗಾಳಿಯಲ್ಲಿ ತೇಲುವ ಕುಚ್ಚಿದೆ.

*ಸಿಗೆಸ್‌ಬೆಕಿಯ:* ಇದೂ ಏಕವಾರ್ಷಿಕ. ಹೂತಲೆಯ ಸುತ್ತ ಐದು ಉದ್ದನೆಯ ಹಸಿರು ಕಡ್ಡಿಗಳು ನಕ್ಷತ್ರದಂತೆ ಚಾಚಿರುತ್ತವೆ. ಅವನ್ನು ಮುಟ್ಟಿದರೆ ಬೆರಳಿಗೆ ಅಂಟು.

*ಎಲ್ಯುಥೆರಾಂಥೆರ:* ಎಲೆಯಲ್ಲಿ ಸಿನೆಡ್ರೆಲ್ಲಾದ ತಮ್ಮನಂತಿದೆ. ಆದರೆ ಹೂತಲೆಗೆ ಚಿಕ್ಕ ತೊಟ್ಟಿದ್ದು, ಬಲಿತಾಗ ಕೆಳಕ್ಕೆ ಬಾಗುತ್ತದೆ. ಕಾಳಿನ ಮೇಲೆ ಗಂಟುಗಂಟು, ಎರಡು ಮುಳ್ಳುಗಳಿಲ್ಲ. ಇದೂ ಏಕವಾರ್ಷಿಕವೇ ಆದ್ದರಿಂದ ಇಲ್ಲಿ ತಪ್ಪಿದರೂ ನಷ್ಟವಿಲ್ಲ.

*ವೆಡೇಲಿಯ:* ತಪ್ಪಿದರೆ ನಷ್ಟವಾಗುವುದು ಇಲ್ಲಿಯೇ. ಅಂಗಳದ ಅಂದಕ್ಕೆಂದು ತಂದು ನೆಟ್ಟ ಈ ಬಳ್ಳಿ ಈಗ ಕಾಲುವೆ, ಧರೆಗಳಿಗೆ ಇಳಿದಿದೆ. ಎಲೆ ದಪ್ಪ, ಹೊಳಪು, ಸಾಮಾನ್ಯವಾಗಿ ಮೂರು ಭಾಗವಾಗಿ ಒಡೆದಂತಿರುತ್ತದೆ. ಹೂ ಒಂದು ಇಂಚಿನಷ್ಟು ಅಗಲ, ಉದ್ದ ತೊಟ್ಟಿನ ಮೇಲೆ ದೂರದಿಂದಲೇ ಕಾಣುತ್ತದೆ. ಇದು ಬಹುವಾರ್ಷಿಕ, ಬೀಜಕ್ಕಿಂತ ಕಾಂಡದಿಂದಲೇ ಹೆಚ್ಚಾಗಿ ಹಬ್ಬುತ್ತದೆ. ಗೆಣ್ಣುಗೆಣ್ಣಿಗೂ ಬೇರು ಬಿಡುತ್ತದೆ. ಕತ್ತಿಯಿಂದ ಸವರಿ ಕಾಲುವೆಗೆ ತಳ್ಳಿದರೆ, ತುಂಡುಗಳು ನೀರಿನಲ್ಲಿ ಹೋಗಿ ಕೆಳಗಿನವರ ತೋಟದಲ್ಲಿ ಬೇರೂರುತ್ತವೆ. ಇದನ್ನು ಬೇರುಸಹಿತ ಅಗೆದು, ಒಣ ಜಾಗದಲ್ಲಿ ರಾಶಿ ಹಾಕಿ, ಪೂರ್ತಿ ಒಣಗಿಸಬೇಕು.

ಬೀಜದ ಲೆಕ್ಕ

ಸಿನೆಡ್ರೆಲ್ಲಾ ಮುಂದಿನ ಮಳೆಗಾಲಕ್ಕೆ ಹೋಗುವುದು ಮುಖ್ಯವಾಗಿ ಬೀಜದ ಮೂಲಕ. ಒಂದು ಗಿಡದಲ್ಲಿ ಐವತ್ತು ಹೂತಲೆ, ತಲೆಗೆ ಹನ್ನೆರಡು ಕಾಳು ಎಂದು ಹಿಡಿದರೆ 600 ಬೀಜವಾಯಿತು. ಮೂಲೆಯಲ್ಲಿ ಹತ್ತು ಗಿಡ ಬಿಟ್ಟರೆ 6,000. ರೆಕ್ಕೆಯ ಕಾಳು ತಾಯಿಗಿಡದ ಆಸುಪಾಸಿನಲ್ಲೇ ಉದುರಿ ಆ ಜಾಗವನ್ನು ಕಾಯುತ್ತದೆ. ಮುಳ್ಳಿನ ಕಾಳು ಪಂಚೆಗೆ, ಸೀರೆಯ ಅಂಚಿಗೆ, ಗೋಣಿಗೆ, ದನದ ಮೈಗೆ ಅಂಟಿ ಊರು ಸುತ್ತುತ್ತದೆ. ಒಂದು ಮನೆಯಲ್ಲೇ ಕುಳಿತುಕೊಳ್ಳುವ ಮಗ, ಒಂದು ಪರಊರಿಗೆ ಹೋಗುವ ಮಗ ಎಂಬಂತೆ ಗಿಡ ಎರಡು ದಾರಿಯನ್ನೂ ಇಟ್ಟುಕೊಂಡಿದೆ.

ಮೂರನೆಯ ದಾರಿ ಮಾಡಿಕೊಡುವವರು ನಾವು. ಬಲಿತ ಗಿಡವನ್ನು ಸೊಪ್ಪಿನೊಡನೆ ತಂದು ಕೊಟ್ಟಿಗೆಗೆ ಹಾಸಿದರೆ, ಗೊಬ್ಬರ ಸರಿಯಾಗಿ ಕಾಯದೆ ಕೊಳೆಯದೆ ಇದ್ದ ಪಕ್ಷದಲ್ಲಿ, ಬೀಜ ಗೊಬ್ಬರದ ಬುಟ್ಟಿಯಲ್ಲೇ ಅಡಿಕೆ ಮರದ ಬುಡ ಸೇರುತ್ತದೆ. ಹೊರಗಿನಿಂದ ತಂದ ಸಸಿಯ ಚೀಲದ ಮಣ್ಣಿನಲ್ಲೂ ಬೀಜ ಬರಬಹುದು.

ಮಾಡಬೇಕಾದ ಕೆಲಸ

ಕ್ಯಾಲೆಂಡರಿನ ತಾರೀಖು ನೋಡಿ ಕಳೆ ತೆಗೆಸುವುದಕ್ಕಿಂತ ಗಿಡವನ್ನು ನೋಡಿ ತೆಗೆಸುವುದು ಮೇಲು. ಆರಿದ್ರಾ ಮಳೆಯ ನಂತರ ವಾರಕ್ಕೊಮ್ಮೆ ತೋಟದಲ್ಲಿ ಅಡ್ಡಾಡಿ ನಾಲ್ಕಾರು ಗಿಡಗಳ ಕಂಕುಳನ್ನು ಬಿಡಿಸಿ ನೋಡಿ. ಮೊದಲ ಹಳದಿ ಕಂಡ ಕೂಡಲೇ ಆಳು ಇಳಿಸಿ.

ಬಿಡಿ ಗಿಡಗಳನ್ನು ಒದ್ದೆ ಮಣ್ಣಿನಲ್ಲಿ ಕೈಯಿಂದಲೇ ಕೀಳಬಹುದು. ಇಳಿಜಾರಿನಲ್ಲಿ ಭಾರಿ ಮಳೆಯ ದಿನಗಳಲ್ಲಿ ನೆಲವನ್ನು ಬೋಳು ಮಾಡಬಾರದು, ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಅಲ್ಲಿ ನೆಲಮಟ್ಟಕ್ಕೆ ಸವರಿ, ಬೇರು ಮಣ್ಣಿನಲ್ಲೇ ಇರಲಿ. ಎತ್ತರದಲ್ಲಿ ಸವರಿದರೆ ಕೆಳಗಿನ ಗೆಣ್ಣಿನಿಂದ ಮತ್ತೆ ಚಿಗುರಿ ಹೂ ಬಿಡುತ್ತದೆ. ಹಸಿ ನೆಲಕ್ಕೆ ತಾಗಿದ ಕೆಳಗೆಣ್ಣುಗಳು ಬೇರು ಬಿಡುವುದೂ ಉಂಟು. ಆದ್ದರಿಂದ ಕಿತ್ತದ್ದನ್ನು ಅಲ್ಲಲ್ಲೇ ಚೆಲ್ಲದೆ ಗುಡ್ಡೆ ಹಾಕಿಸಿ. ಹೂವಿಗೆ ಮೊದಲು ಕಿತ್ತದ್ದು ಗೊಬ್ಬರದ ಗುಂಡಿಗೆ ಒಳ್ಳೆಯ ಹಸಿರು. ಕಾಳು ಬಲಿತದ್ದನ್ನು ಮಾತ್ರ ಪ್ರತ್ಯೇಕವಾಗಿ ಒಣಗಿಸಿ ಸುಟ್ಟುಬಿಡುವುದು ಕ್ಷೇಮ.

ಇನ್ನು ಔಷಧಿಯ ಮಾತು. ಹಸಿರೆಲೆಯ ಮೇಲೆ ಸಿಂಪಡಿಸುವ ಕಳೆನಾಶಕ ಎದ್ದು ನಿಂತ ಗಿಡವನ್ನು ಕೊಲ್ಲಬಹುದು, ಮಣ್ಣಿನಲ್ಲಿ ಬಿದ್ದಿರುವ ಬೀಜವನ್ನು ಕೊಲ್ಲಲಾರದು. ಕಾಳು ಬಲಿತ ಮೇಲೆ ಹೊಡೆದರೆ ಸತ್ತ ಗಿಡದಿಂದಲೂ ಬೀಜ ಉದುರುತ್ತದೆ. ಅಂದರೆ ಹಣವೂ ಹೋಯಿತು, ಕಳೆಯೂ ಉಳಿಯಿತು. ಎರಡು ಮೂರು ಎಕರೆಯ ಸಣ್ಣ ಹಿಡುವಳಿದಾರರಿಗೆ ಈ ಕಳೆಯ ಮಟ್ಟಿಗೆ ಸಕಾಲದ ಒಂದು ಕತ್ತಿಕೆಲಸ, ಉಳಿದಂತೆ ದರಗಿನ ದಪ್ಪ ಹೊದಿಕೆ, ಇವೆರಡೇ ಸಾಕು.

ನೆನಪಿಡಬೇಕಾದ್ದು

ತೊಟ್ಟಿಲ್ಲದ ಹೂ ಕಂಕುಳಲ್ಲಿದ್ದು, ಗಿಡ ನೆಟ್ಟಗಿದ್ದರೆ ಸಿನೆಡ್ರೆಲ್ಲಾ: ಕಾಳು ಕಟ್ಟುವ ಮೊದಲು ಸವರಿ. ದೊಡ್ಡ ಹೂ ಉದ್ದ ತೊಟ್ಟಿನಲ್ಲಿದ್ದು, ಗಿಡ ನೆಲದಲ್ಲಿ ಹರಿದಿದ್ದರೆ ವೆಡೇಲಿಯ: ಸವರಬೇಡಿ, ಅಗೆಯಿರಿ.

ಸಂಶಯವಿದ್ದವರು ಬೇರು, ಎಲೆ, ಹೂ ಮೂರೂ ಇರುವ ಒಂದು ಗಿಡವನ್ನು ಹಳೆಯ ಪತ್ರಿಕೆಯ ನಡುವೆ ಒತ್ತಿಟ್ಟು, ಸಿಕ್ಕಿದ ಜಾಗವನ್ನು ಬರೆದು ಸಂಘದ ಕಚೇರಿಗೆ ತಂದುಕೊಡಬಹುದು. ಮನೆಯ ಶಾಲಾ ಮಕ್ಕಳ ಕೈಯಲ್ಲಿ ಈ ಕೆಲಸ ಮಾಡಿಸಿದರೆ ಇನ್ನೂ ಒಳ್ಳೆಯದು. ಮುಂದಿನ ಮಳೆಗಾಲದಲ್ಲಿ ತೋಟ ಸುತ್ತುವಾಗ ಅವರ ಕಣ್ಣು ನಮಗಿಂತ ಚುರುಕಾಗಿರುತ್ತದೆ.

— ಕಾರ್ಯದರ್ಶಿ