ಸಮುದಾಯ ಸೌಲಭ್ಯಗಳಿಗೆ ಅನುದಾನ: ಅರ್ಜಿಗೆ ಮುನ್ನ ಲೆಕ್ಕ

ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯು ಹೈದರಾಲಿಯ ಜನ್ಮಸ್ಥಳವೆಂದು ಪ್ರಸಿದ್ಧ. ಅನುದಾನದ ವಿಷಯವನ್ನು ಅಭ್ಯಸಿಸುವವರಿಗೆ ಈ ಗ್ರಾಮ ಮತ್ತೊಂದು ಕಾರಣಕ್ಕಾಗಿ ಗಮನಾರ್ಹವಾಗಿದೆ. 2000ದ ದಶಕದ ಆರಂಭದಲ್ಲಿ ಯುನೆಸ್ಕೋ ನೆರವಿನಿಂದ, ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳ ಸಹಯೋಗದಲ್ಲಿ ಇಲ್ಲಿ 'ನಮ್ಮ ಧ್ವನಿ' ಎಂಬ ಸಮುದಾಯ ಮಾಧ್ಯಮ ಕೇಂದ್ರ ಸ್ಥಾಪನೆಯಾಯಿತು. ಸ್ಥಳೀಯ ಸ್ವಸಹಾಯ ಸಂಘಗಳ ಮಹಿಳೆಯರು ಇದರಲ್ಲಿ ಪಾಲ್ಗೊಂಡರು. ಸಮುದಾಯ ಸಂಸ್ಥೆಗಳಿಗೆ ಬಾನುಲಿ ಪರವಾನಗಿ ದೊರೆಯದಿದ್ದ ಕಾಲವದು. ಆದುದರಿಂದ ಕಾರ್ಯಕ್ರಮಗಳನ್ನು ಕೇಬಲ್ ಮೂಲಕ ಮನೆಗಳಿಗೆ ತಲುಪಿಸಲಾಯಿತು. ಸರ್ಕಾರೇತರ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಅವಕಾಶ ದೊರೆತದ್ದು 2006ರಲ್ಲಿ.

ಈ ನಿದರ್ಶನದಿಂದ ಎರಡು ಪಾಠಗಳನ್ನು ಗ್ರಹಿಸಬಹುದು. ಹಣ ದೊರೆತ ಮಾತ್ರಕ್ಕೆ ಕಾನೂನಿನ ಅನುಮತಿ ದೊರೆತಂತಾಗುವುದಿಲ್ಲ ಎಂಬುದು ಮೊದಲನೆಯದು. ಉಳಿತಾಯ, ಸಭೆ, ಲೆಕ್ಕಪುಸ್ತಕಗಳ ಅಭ್ಯಾಸವಿರುವ ಸಂಘಗಳು ಊರಿನಲ್ಲಿ ಮೊದಲೇ ಇದ್ದರೆ ಅನುದಾನಕ್ಕೆ ಆಧಾರ ದೊರೆಯುತ್ತದೆ ಎಂಬುದು ಎರಡನೆಯದು.

ಮೂರನೆಯ ಪಾಠ ನೆರೆಯ ಕೆ.ಜಿ.ಎಫ್.ನದು. ಅಲ್ಲಿ ವಸತಿ, ಆಸ್ಪತ್ರೆ, ನೀರು ಮುಂತಾದ ಸೌಲಭ್ಯಗಳು ಬಹುಕಾಲ ಗಣಿ ಆಡಳಿತವನ್ನೇ ಆಶ್ರಯಿಸಿದ್ದವು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದಾಗ ಉದ್ಯೋಗದೊಂದಿಗೆ ಈ ಸೌಲಭ್ಯಗಳ ನಿರ್ವಹಣೆಯೂ ಪ್ರಶ್ನೆಯಾಯಿತು. ದಾನಿಯು ಹಿಂದೆ ಸರಿದ ಮರುದಿನ ಖರ್ಚು ಭರಿಸುವವರು ಯಾರು ಎಂಬುದಕ್ಕೆ ಉತ್ತರವಿಲ್ಲದ ಅರ್ಜಿ, ಮಂಜೂರಾದರೂ ಅಪೂರ್ಣವೇ ಸರಿ.

ಹಣದ ಮೂಲಗಳು

1. ಹಣಕಾಸು ಆಯೋಗದ ಅನುದಾನ: 15ನೇ ಆಯೋಗದ 2021-26ರ ಅವಧಿಯಲ್ಲಿ ಗ್ರಾಮೀಣ ಸ್ಥಳೀಯ ಸಂಸ್ಥೆಗಳ ಅನುದಾನದ ಶೇ. 60 ಭಾಗ ಕುಡಿಯುವ ನೀರು ಹಾಗೂ ನೈರ್ಮಲ್ಯಕ್ಕೆ ಮೀಸಲಾಗಿತ್ತು. ಉಳಿದ ಶೇ. 40 ಭಾಗವನ್ನು ಸ್ಥಳೀಯ ಅಗತ್ಯಗಳಿಗೆ ಬಳಸಬಹುದಾಗಿತ್ತು. ಆದರೆ ವೇತನ ಮತ್ತು ಸಿಬ್ಬಂದಿ ವೆಚ್ಚಕ್ಕೆ ಅವಕಾಶವಿರಲಿಲ್ಲ. ಇಂತಹ ಹಣಕ್ಕೆ ದಾರಿ ಗ್ರಾಮಸಭೆಯ ಮೂಲಕ. ಬೇಡಿಕೆಯು ಪಂಚಾಯತಿಯ ವಾರ್ಷಿಕ ಯೋಜನೆಯಲ್ಲಿ ಸೇರಬೇಕು.

2. ಸಂಸದರ ಪ್ರದೇಶಾಭಿವೃದ್ಧಿ ಯೋಜನೆ: 1993ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಸಂಸದರು ಕಾಮಗಾರಿಯನ್ನು ಶಿಫಾರಸು ಮಾಡುತ್ತಾರೆ, ಮಂಜೂರು ಮಾಡುವುದು ಜಿಲ್ಲಾ ಪ್ರಾಧಿಕಾರ. ಬಾಳಿಕೆ ಬರುವ ಸಾರ್ವಜನಿಕ ಆಸ್ತಿಯ ನಿರ್ಮಾಣಕ್ಕೆ ಇಲ್ಲಿ ಆದ್ಯತೆ. ಶಿಫಾರಸು ಪತ್ರವನ್ನೇ ಮಂಜೂರಾತಿ ಎಂದು ಭಾವಿಸಿ ಕೆಲಸ ಆರಂಭಿಸಬಾರದು.

3. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ: 2013ರ ಕಂಪನಿ ಕಾಯಿದೆಯ 135ನೇ ಕಲಮಿಗೆ ಒಳಪಡುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ನಿಗದಿತ ಕಾರ್ಯಗಳಿಗೆ ವಿನಿಯೋಗಿಸಬೇಕು. ತಾವು ಕಾರ್ಯನಿರ್ವಹಿಸುವ ಪ್ರದೇಶ ಮತ್ತು ಸುತ್ತಲಿನ ಸ್ಥಳಗಳಿಗೆ ಆದ್ಯತೆ ನೀಡಬೇಕೆಂದೂ ಕಾಯಿದೆ ಹೇಳುತ್ತದೆ. ಕೆ.ಜಿ.ಎಫ್., ನರಸಾಪುರ, ವೇಮಗಲ್ ಕೈಗಾರಿಕೆಗಳಿರುವ ಕೋಲಾರ ಜಿಲ್ಲೆಗೆ ಈ ಅಂಶ ಮುಖ್ಯ. ಹಣ ಪಡೆದು ಕಾಮಗಾರಿ ನಡೆಸುವ ಟ್ರಸ್ಟ್ ಅಥವಾ ಸಂಘವು 2021ರ ಏಪ್ರಿಲ್ 1ರಿಂದ ಸಿ.ಎಸ್.ಆರ್.-1 ನಮೂನೆಯಲ್ಲಿ ನೋಂದಣಿ ಪಡೆದಿರಬೇಕು. 2021ರ ತಿದ್ದುಪಡಿಯಂತೆ ಈ ಹಣದಿಂದಾದ ಆಸ್ತಿಯನ್ನು ಕಂಪನಿಯು ತಾನೇ ಇಟ್ಟುಕೊಳ್ಳುವಂತಿಲ್ಲ. ಅದು ಅರ್ಹ ಸಂಸ್ಥೆ, ಫಲಾನುಭವಿಗಳ ಸಂಘ ಅಥವಾ ಸಾರ್ವಜನಿಕ ಪ್ರಾಧಿಕಾರದ ಒಡೆತನದಲ್ಲಿರಬೇಕು.

ಅರ್ಜಿಯೊಡನೆ ಇರಬೇಕಾದವು

ಮನವಿ ಪತ್ರದ ಭಾಷೆಗಿಂತ ಲಗತ್ತುಗಳಿಗೆ ಹೆಚ್ಚಿನ ಬೆಲೆಯಿದೆ. ನಿವೇಶನದ ಒಡೆತನದ ದಾಖಲೆ, ಗ್ರಾಮಸಭೆಯ ನಡಾವಳಿ, ಪಂಚಾಯತಿಯ ಠರಾವು, ಎಂಜಿನಿಯರರ ಅಂದಾಜು ಪಟ್ಟಿ, ಹಿಂದಿನ ವರ್ಷಗಳ ಲೆಕ್ಕಪರಿಶೋಧನಾ ವರದಿ ಇವು ಮುಖ್ಯ. ಅಂದಾಜಿನಲ್ಲಿ ಜಿ.ಎಸ್.ಟಿ., ವಿದ್ಯುತ್ ಸಂಪರ್ಕದ ಠೇವಣಿಗಳನ್ನು ಬಿಟ್ಟರೆ ಕೆಲಸ ಅರ್ಧದಲ್ಲಿ ನಿಲ್ಲುತ್ತದೆ. ಒಂದೇ ಕಾಮಗಾರಿಗೆ ಎರಡು ಕಡೆ ಹಣ ಕೋರಿದ್ದಲ್ಲಿ ಅದನ್ನು ಎರಡೂ ಅರ್ಜಿಗಳಲ್ಲಿ ತಿಳಿಸಬೇಕು.

ಒಂದು ಮಾದರಿ ಲೆಕ್ಕ

ಕೋಲಾರ ಜಿಲ್ಲೆಯಲ್ಲಿ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಸಮಸ್ಯೆಯಿರುವುದರಿಂದ ಶುದ್ಧ ಕುಡಿಯುವ ನೀರಿನ ಘಟಕವು ಸಹಜವಾದ ಬೇಡಿಕೆ. ಕೆಳಗಿನವು ಕೇವಲ ಕಲ್ಪಿತ ಅಂಕಿಗಳು.

ಘಟಕದ ವೆಚ್ಚ ರೂ. 10,00,000; ಬಾಳಿಕೆ 10 ವರ್ಷ.
ವಾರ್ಷಿಕ ಖರ್ಚು: ವಿದ್ಯುತ್ ರೂ. 36,000; ಅರೆಕಾಲಿಕ ನಿರ್ವಾಹಕರ ಸಂಭಾವನೆ ರೂ. 96,000; ಫಿಲ್ಟರ್ ಬದಲಾವಣೆ ರೂ. 48,000, ದುರಸ್ತಿ ರೂ. 20,000. ಒಟ್ಟು ರೂ. 2,00,000.
ವಾರ್ಷಿಕ ಆದಾಯ: ದಿನಕ್ಕೆ 100 ಕ್ಯಾನ್, ಕ್ಯಾನಿಗೆ ರೂ. 5ರಂತೆ 360 ದಿನಗಳಿಗೆ ರೂ. 1,80,000.

ಮೇಲ್ನೋಟಕ್ಕೆ ಕೊರತೆ ರೂ. 20,000 ಮಾತ್ರ. ಆದರೆ ಯಂತ್ರವನ್ನು ಹತ್ತು ವರ್ಷಗಳ ನಂತರ ಬದಲಿಸಲು ವರ್ಷಕ್ಕೆ ರೂ. 1,00,000 ತೆಗೆದಿರಿಸಿದರೆ ನಿಜವಾದ ಕೊರತೆ ರೂ. 1,20,000. ಇದನ್ನು ತುಂಬಲು ದಿನಕ್ಕೆ ಸುಮಾರು 167 ಕ್ಯಾನ್ ಮಾರಾಟವಾಗಬೇಕು, ಇಲ್ಲವೇ ದರ ಏರಬೇಕು, ಅಥವಾ ಪಂಚಾಯತಿಯು ವ್ಯತ್ಯಾಸವನ್ನು ಭರಿಸುವುದಾಗಿ ಠರಾವು ಮಾಡಬೇಕು. ಬಡ ಕುಟುಂಬಗಳಿಗೆ ದರ ಹೊರೆಯಾಗುವುದಾದರೆ ಮೂರನೆಯ ದಾರಿಯೇ ಯುಕ್ತ. ಯಾವ ದಾರಿಯೆಂಬುದನ್ನು ಅರ್ಜಿಯಲ್ಲೇ ಬರೆಯಬೇಕು. ಈ ಒಂದು ಪುಟ ಇಲ್ಲದ ಕಾರಣಕ್ಕೇ, ಉದ್ಘಾಟನೆಯಾದ ಘಟಕಗಳು ಕೆಲವೇ ವರ್ಷಗಳಲ್ಲಿ ಬೀಗ ಕಾಣುವ ಅಪಾಯವಿದೆ.

ಹಣ ಬಂದ ನಂತರ

ಅನುದಾನಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ಮತ್ತು ಪ್ರತ್ಯೇಕ ಖಾತಾಪುಟ ಇರಬೇಕು. ನಿರ್ಮಾಣಕ್ಕೆಂದು ಬಂದ ಹಣವನ್ನು ದೈನಂದಿನ ಖರ್ಚಿಗೆ ಬಳಸಬಾರದು. ಅದು ತಾತ್ಕಾಲಿಕವಾಗಿದ್ದರೂ ಆಕ್ಷೇಪಣೆಗೆ ಎಡೆಯಾಗುತ್ತದೆ. ಪ್ರತಿ ಪಾವತಿಗೆ ಬಿಲ್ಲು, ಅಳತೆಯ ದಾಖಲೆ, ಸಮಿತಿಯ ಅನುಮೋದನೆ ಇರಬೇಕು. ಹಣ ಬಳಕೆ ಪ್ರಮಾಣಪತ್ರವನ್ನು ಕಾಲಮಿತಿಯೊಳಗೆ ಸಲ್ಲಿಸಿ, ಉಳಿದ ಹಣ ಮತ್ತು ಅದರ ಬಡ್ಡಿಯನ್ನು ಮಂಜೂರಾತಿಯ ಷರತ್ತಿನಂತೆ ಲೆಕ್ಕಕ್ಕೆ ತರಬೇಕು. ಮುಂದಿನ ಅರ್ಜಿಯ ಭವಿಷ್ಯವು ಹಿಂದಿನ ಪ್ರಮಾಣಪತ್ರವನ್ನು ಅವಲಂಬಿಸಿದೆ.

ಊರಿನ ವರ್ತಕರು ಇಂತಹ ಸಮಿತಿಗಳಿಗೆ ದೇಣಿಗೆಯನ್ನಷ್ಟೇ ಅಲ್ಲದೆ ತಮ್ಮ ಲೆಕ್ಕದ ಅನುಭವವನ್ನೂ ನೀಡಬಹುದು. ಅಂಗಡಿಯನ್ನು ತೆರೆಯುವ ಮುನ್ನ ಬಾಡಿಗೆ, ಕೂಲಿ, ಸವಕಳಿಗಳನ್ನು ಲೆಕ್ಕಹಾಕುವ ವ್ಯಾಪಾರಿಯು ಊರಿನ ನೀರಿನ ಘಟಕಕ್ಕೂ ಅದೇ ಲೆಕ್ಕ ಹಾಕಿಕೊಟ್ಟಲ್ಲಿ, ಆ ಸೇವೆಯು ದೇಣಿಗೆಗಿಂತ ಹೆಚ್ಚು ಕಾಲ ಉಳಿಯುತ್ತದೆ.